ಹಾಜರಿ

ಕಿಟಕಿ ಎಷ್ಟು ಬಿಗಿದರೂ
ವೈಯಾಲಾದ ಕೆಂಪು ದೂಳು ಒಳಗೆ ಬಂದೇ ಬರುತ್ತದೆ.
ಬೆಳಗ್ಗೆ ಏಳೂವರೆಗೆ ನನ್ನ ಮೊದಲ ಕೆಲಸ
ಆರು ತೊಟ್ಟಿಲುಗಳ ಕಂಬಿ ಒರೆಸುವುದು.
ತೊಟ್ಟಿಲು ಅಂದೆ, ತೂಗುವಂಥವಲ್ಲ.
ತೂಗಬಾರದೆಂದು ಗೋಡೆಯ ಮೇಲೆ ನಿಯಮವಿದೆ,
ನಾಲ್ಕನೆಯದು.

ಹಿಂದೆ ಇದು ಮರಗೆಲಸದ ಕೊಠಡಿ.
ನೆಲದಲ್ಲಿನ್ನೂ ಯಂತ್ರ ಕಿತ್ತ ಬೋಲ್ಟಿನ ತೂತು.
ಅಪರೂಪಕ್ಕೆ ಮಳೆ ಬಂದರೆ ಪೈನ್ ಹೊಟ್ಟಿನ ವಾಸನೆ,
ಅದರ ಮೇಲೆ ಕಕ್ಕಿದ ಹಾಲಿನದು.
ಗೋಡೆಯಾಚೆ ಹತ್ತನೇ ಕ್ಲಾಸಿನ ಗಣಿತ.

ಎಂಟೂಕಾಲಿಗೆ ಶಾಲೆಯ ವ್ಯಾನು.
ಟಾಲಿಯಾ ಇಳಿಯುತ್ತಾಳೆ,
ಹೆಗಲಿಗೆ ಬ್ಯಾಗು, ಕಂಕುಳಲ್ಲಿ ಓಕ್ಲಿ,
ಹಲ್ಲಲ್ಲಿ ಕಚ್ಚಿಕೊಂಡ ಟೋಸ್ಟು.
ಅವಳಿಗೆ ಹದಿನಾರು ತುಂಬಿ ಒಂಬತ್ತು ವಾರ.
ಮಗುವಿಗೆ ಹನ್ನೊಂದು.
"ರಾತ್ರಿಯಿಡೀ ಎದ್ದಿದ್ದ, ವಿಮ್" ಎಂದು ಕೈಗಿಡುತ್ತಾಳೆ,
ತಡವಾದ ಲೈಬ್ರರಿ ಪುಸ್ತಕ ಮರಳಿಸುವವಳ ಮುಖದಲ್ಲಿ.
ವಿಮಲಾಕ್ಷಿ ಇವರ ಬಾಯಲ್ಲಿ ವಿಮ್ ಆಗಿ ಹದಿನಾಲ್ಕು ವರ್ಷ.
ನಮ್ಮಲ್ಲಿ ಅದು ಪಾತ್ರೆ ಉಜ್ಜುವ ಪುಡಿ ಎಂದು
ಯಾರಿಗೂ ಹೇಳಿಲ್ಲ.

ಹಾಜರಿಯ ಕಂಪ್ಯೂಟರಿನಲ್ಲಿ ಗೈರಿಗೆ ಕಾರಣಗಳುಂಟು:
ಕಾಯಿಲೆ, ಕುಟುಂಬ, ತಡ, ತಿಳಿಸಿಲ್ಲ.
ಮೊಲೆಯೂಡಿಸಲು ಎದ್ದುಹೋದವಳನ್ನು ಯಾವುದರಲ್ಲಿ ಹಾಕಲಿ ಎಂದು
ಗಣಿತದ ಮಿಸ್ ಪೆಟ್ರಿಡಿಸ್ ಅಡಿಲೇಡಿಗೆ ಪತ್ರ ಬರೆದಳು.
ಐದನೆಯದಕ್ಕೆ ಉತ್ತರ ಬಂತು.
ಈಗ ಒಂದು ಅಕ್ಷರವಿದೆ.
ಅದನ್ನೊತ್ತಿದರೆ ಗೈರಲ್ಲ, ಹಾಜರಿ.

ಒಂದೇ ಅಕ್ಷರ.
ನಮ್ಮಲ್ಲಿ ಇಡೀ ಪದವೇ ಇದೆ, ಬಾಣಂತಿ ಅಂತ.
ಟಾಲಿಯಾಗೆ ಬಿಡಿಸಿ ಹೇಳಲು ಹೋಗಿ ಸೋತೆ.
ಕಿವಿಗೆ ಹತ್ತಿ, ತಲೆಗೆ ಬಟ್ಟೆ,
ಹಂಡೆ ಬರಿದಾಗುವ ತನಕ ಬೆನ್ನಿಗೆ ಬಿಸಿನೀರು,
ಲೋಬಾನದ ಹೊಗೆ, ಬೆಳ್ಳುಳ್ಳಿ ಮೆಣಸಿನ ಸಾರು,
ತಣ್ಣೀರು ಮುಟ್ಟಬೇಡ, ಗಾಳಿಗೆ ಹೋಗಬೇಡ ಎನ್ನುವ
ಹತ್ತು ಮಂದಿ ಹೆಂಗಸರು.
"ಹತ್ತು ಜನಾನಾ?" ಅಂದಳು.
ಅವಳಿಗೆ ಕೇಳಿಸಿದ್ದು ಅದೊಂದೇ.

ನನ್ನಮ್ಮನೂ ಹದಿನಾರಕ್ಕೆ ಬಾಣಂತಿ.
ಹತ್ತು ಹೆಂಗಸರೂ ಇದ್ದರು, ಹೊಗೆಯೂ ಇತ್ತು.
ಮದುವೆಗೆ ಮುಂಚೆ ಓದುತ್ತಿದ್ದ ಎಂಟನೇ ಕ್ಲಾಸಿನ ಭೂಗೋಳ
ಹಂಡೆಯೊಲೆಗೆ ಹೋಯಿತಂತೆ, ನನಗೆ ನೀರೆರೆಯುವ ದಿನ,
ಕಟ್ಟಿಗೆ ಹಸಿಯಿತ್ತಂತೆ.
ಅದರಲ್ಲಿ ಆಸ್ಟ್ರೇಲಿಯಾ ಎಷ್ಟನೇ ಪುಟ ಎಂದು
ಸಾಯುವ ಹಿಂದಿನ ವಾರವೂ ಹೇಳಿದ್ದಳು:
ನೂರಾ ಹನ್ನೆರಡು.

ಯಾವುದು ಮೇಲೆಂದು ನನ್ನನ್ನು ಕೇಳಬೇಡಿ.
ಟಾಲಿಯಾಳ ಅಮ್ಮನಿಗೆ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿಪಾಳಿ.
ಡೆಕ್ಲನ್ ಎಂಬ ಹುಡುಗ ಶುಕ್ರವಾರಗಳಲ್ಲಿ
ಡೈಪರಿನ ಪೊಟ್ಟಣ ಹಿಡಿದು ಗೇಟಿನಾಚೆ ನಿಲ್ಲುತ್ತಾನೆ.
ಸೈಜು ಪ್ರತಿಸಲ ತಪ್ಪು.
ಮೊನ್ನೆ ಒಳಗೆ ಕರೆದೆ. ಶೂ ಬಿಚ್ಚಿ ಬಂದ,
ಕಾಲುಚೀಲದ ತೂತಲ್ಲಿ ಹೆಬ್ಬೆರಳು.
ಮಗು ಮಡಿಲಿಗಿಟ್ಟರೆ ಉಸಿರು ಬಿಗಿಹಿಡಿದು ಕೂತ,
ಅವನ ಬಸ್ಸು ಹೊರಟುಹೋಗುವವರೆಗೂ.

ಇವತ್ತು ಮೂರನೇ ಪೀರಿಯಡ್ಡಿನ ನಡುವೆ
ಓಕ್ಲಿ ಮುಷ್ಟಿ ಚೀಪತೊಡಗಿದ. ಮೆಸೇಜು ಕಳಿಸಿದೆ.
ಬಂದಳು, ಮುಂಗೈ ಮೇಲೆ ಅರ್ಧ ಸಮೀಕರಣ ಬರೆದುಕೊಂಡು.
ಕೂತಳು. ಅವನು ಬಾಯಿ ಹಾಕಿದ.
ಕೊಲ್ಲಿಯ ಗಾಳಿ ಬಾಗಿಲ ಸಂದಿಯಿಂದ ಶಿಳ್ಳೆ ಹೊಡೆಯಿತು.
ಯೋಚಿಸದೆ ನನ್ನ ಶಾಲು ತೆಗೆದು
ಅವಳ ತಲೆ, ಕಿವಿ ಸುತ್ತಿ, ಗದ್ದದಡಿ ಗಂಟು ಹಾಕಿದೆ.
ಯಾವ ನಿಯಮ ಮುರಿದೆನೋ, ಗೋಡೆ ನೋಡಲಿಲ್ಲ.

ಅವಳು ನಕ್ಕಳು.
"ವಿಮ್, ಮಿಕ್ಕ ಒಂಬತ್ತು ಜನ ಎಲ್ಲಿ?"

ಬಾಗಿಲ ಕೆಳಗಿಂದ ಯಾರೋ ಒಂದು ಹಾಳೆ ತೂರಿಸಿದರು.
ಶೂ ಸದ್ದು ಕಾರಿಡಾರಿನಲ್ಲಿ ಓಡಿಹೋಯಿತು.
ಇವತ್ತಿನ ಲೆಕ್ಕ,
ಹದಿಮೂರರಿಂದ ಹದಿನೆಂಟು,
ಹದಿನೈದನೆಯದು ಬಿಡಿಸಿ ತೋರಿಸಿದೆ,
ವಕ್ರ ಅಕ್ಷರದಲ್ಲಿ.